ಕನ್ನಡ ಮೇಷ್ಟ್ರ ಕುರಿ ಲೇಖನಗಳು

"ಏಳನೇ ಕ್ಲಾಸ್ ಫೇಲಾದೋಳು ಕಂಪ್ಯೂಟರ್ ಅಂಗಡಿ ನಡೆಸಾಕೆ ಆಗ್ತೈತಾ?" ಎಂದಿದ್ದರು ನಮ್ಮ ಭಾವ. ನಾನು ಜಗಳೂರಿನಲ್ಲಿ ಟೈಪಿಂಗ್ ಅಂಗಡಿ ತೆರೆದೆ. ಟೈಪ್ ಮಾಡುವುದನ್ನೆಲ್ಲ ಓದುವುದು ನನ್ನ ಚಾಳಿ. ನಾನು ಕಲಿತದ್ದೆಲ್ಲ ಹಾಗೆಯೇ.

ಒಮ್ಮೆ ಕಾಲೇಜಿನ ಕನ್ನಡ ಮೇಷ್ಟ್ರೊಬ್ಬರು ಬಡ್ತಿ ಅರ್ಜಿಗೆಂದು ತಮ್ಮ ಸಂಶೋಧನಾ ಲೇಖನಗಳ ಪಟ್ಟಿಯನ್ನು ಇಂಟರ್ನೆಟ್ಟಿನಿಂದ ತೆಗೆದು ತಂದರು. ವಚನಗಳ ಮೇಲೆ ಮೂರು ಲೇಖನ, ಕುರಿಗಳ ಜಂತುಹುಳದ ಮೇಲೆ ಹದಿನೇಳು. ಬೇರೆ ಸಂಶೋಧಕರು ಉಲ್ಲೇಖಿಸಿದ್ದೆಲ್ಲ ಕುರಿ ಲೇಖನಗಳನ್ನೇ.

"ಸಾರ್, ನೀವು ಕುರಿ ಡಾಕ್ಟ್ರೂ ಹೌದೇನ್ರಿ?"

"ಅವ್ರು ಬೇರೆ ಕಣಮ್ಮ. ಹೆಸರೂ ಒಂದೇ, ಊರಿನ ಇನಿಷಿಯಲ್ಲೂ ಒಂದೇ. ಕಂಪ್ಯೂಟರೇ ಸೇರಿಸೈತೆ, ಇರ್ಲಿ ಬಿಡು."

"ಅವ್ರ ಕುರಿ ಅವ್ರ ಹಟ್ಟಿಗೆ ಹೋಗ್ಲಿ ಸಾರ್. ನಿಮ್ಮ ಮೂರನ್ನ ಚೆಂದಾಗಿ ಹೊಡೆದುಕೊಡ್ತೀನಿ."

"ಟೈಪ್ ಮಾಡೋಳಿಗೆ ಇದೆಲ್ಲ ಯಾಕೆ? ಹಿಂಗಾದ್ರೆ ಕಾಲೇಜಿನ ಕೆಲಸ ಯಾವುದೂ ನಿನ್ನ ಅಂಗಡಿಗೆ ಬರಲ್ಲ, ನೋಡು."

ಹಾಳೆಗಳನ್ನು ಮಡಚಿ ಅವರ ಕೈಗೇ ಇಟ್ಟೆ. ಬೇರೆಲ್ಲೋ ಟೈಪ್ ಮಾಡಿಸಿಕೊಂಡರು. ಬಡ್ತಿಯೂ ಬಂತಂತೆ, ಕನ್ನಡಕ್ಕೋ ಕುರಿಗೋ, ನಾನು ಕೇಳಲಿಲ್ಲ.

ಈಗ ನನಗೆ ಸ್ವಂತ ಮಳಿಗೆಯಿದೆ, ಎರಡು ಕಂಪ್ಯೂಟರಿವೆ. ಮೂರನೆಯದೂ ಇತ್ತು. ಕಾಲೇಜಿನ ಕೆಲಸ ನಿಂತ ವರ್ಷ ಅದನ್ನು ಮಾರಿದೆ.