ಇಲ್ಲದ ದ್ವೀಪದ ಕೇದಗೆ ಮರ

ನೇಜೋನ್ ಅಜ್ಜಿ ಸಾಕ್ಷಿ ಹೇಳಲು ನಿಂತವಳೇ ಮಾಡಿದ ಮೊದಲ ಕೆಲಸವೆಂದರೆ ನ್ಯಾಯಾಧೀಶರನ್ನು ನೀರಿಗಿಳಿಸಿದ್ದು. ಗೋಡೆಯ ನಕ್ಷೆಯಲ್ಲಿ ನಿಮ್ಮ ಜಮೀನು ತೋರಿಸಿ ಎಂದರೆ, ದ್ವೀಪಗಳ ಉಂಗುರದ ನಡುವಿನ ಒಳಗಡಲು ಯಾವ ಕಡೆಗಿದೆ ಎಂದು ಕೇಳಿದಳು. ಕಿಟಕಿಗಳೆಲ್ಲ ಮುಚ್ಚಿದ್ದವು. ದುಭಾಷಿ ಬಿಲಿಮನ್ ಕೈ ಮಾಡಿ ತೋರಿಸಿದ.

"ಹಂಗಾದ್ರೆ ಈ ಪಟ ಉಲ್ಟಾ ಇದೆ ಮಗಾ. ದೊಡ್ಡೋರಿಗೆ ಹೇಳು, ಅವರು ಕೂತಿರೋದು ನೀರಲ್ಲಿ."

ಹದಿನೆಂಟು ವರ್ಷ ಎರಡು ಸರ್ಕಾರಗಳ ಮಾತನ್ನು ಅತ್ತಿತ್ತ ಹೊತ್ತ ಬಿಲಿಮನ್, ನಕ್ಷೆಯ ದಿಕ್ಕು ಸಾಕ್ಷಿಗೆ ಹೊಂದುತ್ತಿಲ್ಲ ಎಂದಷ್ಟೇ ತಿಳಿಸಿದ.

ಅಜ್ಜಿ ಹುಟ್ಟಿದ್ದು ಬೊಕ್ಲೋರ್ ಎಂಬ ಪುಟ್ಟ ದ್ವೀಪದಲ್ಲಿ. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಮಾರ್ಷಲ್ ದ್ವೀಪಗಳನ್ನು ಪಾಲಿಸಿ ಎಂದು ಅಮೆರಿಕದ ಕೈಗೆ ಕೊಟ್ಟಿತು. ಪಾಲಕರು ಬಾಂಬು ಸಿಡಿಸಿ ನೋಡಿದರು, ಬೊಕ್ಲೋರ್ ಸಮುದ್ರದ ಪಾಲಾಯಿತು. ಅದಕ್ಕೂ ಮೊದಲೇ ಜನರನ್ನು ಹಡಗು ಹತ್ತಿಸಿದ್ದರು. ಇಪ್ಪತ್ತೆರಡರ ನೇಜೋನ್ ಚಾಪೆ ಸುತ್ತಿಕೊಂಡು ಬಂದವಳು ಮಜುರೊದಲ್ಲಿ ಐವತ್ತು ವರ್ಷ ಚಾಪೆ ಹೆಣೆದಳು, ಐದು ಹೆತ್ತಳು, ಎರಡನ್ನು ಮಣ್ಣು ಮಾಡಿದಳು, ಚರ್ಚಿನಲ್ಲಿ ಎಲ್ಲರಿಗಿಂತ ಅರ್ಧ ಸಾಲು ಮುಂದೆ ಹಾಡಿದಳು.

ದೇಶ ಸ್ವತಂತ್ರವಾಗುವಾಗ ಹಳೆಯ ಪಾಲಕರೊಡನೆ ಆದ ಒಪ್ಪಂದದಿಂದ ಹುಟ್ಟಿದ್ದು ಈ ನ್ಯಾಯಮಂಡಳಿ. ಬಾಂಬು ಯಾರ ಯಾರದ್ದು ಏನೇನು ನುಂಗಿತೆಂದು ಅದು ತೀರ್ಮಾನಿಸಿ ಪರಿಹಾರ ಕೊಡಬೇಕು. ಆ ದ್ವೀಪಗಳಲ್ಲಿ ನೆಲ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಗಡಿ ಸಾಬೀತಾಗದಿದ್ದರೆ ಅಜ್ಜಿಯ ತುಂಡು 'ಎಲ್ಲರ ಜಾಗ' ಎಂದು ದಾಖಲಾಗುತ್ತಿತ್ತು, ತಾಯಿ ಲಿಮೇಜಳ ಹೆಸರು ಎಲ್ಲೂ ಉಳಿಯುತ್ತಿರಲಿಲ್ಲ. ದುಡ್ಡು ಬಂದರೆ ಬರಲಿ, ಅಮ್ಮನ ಹೆಸರೊಂದು ಬರೆಸಿಕೊಡು ಎಂದು ಅಜ್ಜಿ ಬೆಳಿಗ್ಗೆಯೇ ಬಿಲಿಮನ್‌ನ ಕೈ ಹಿಡಿದಿದ್ದಳು.

ಇಲ್ಲದ ನೆಲಕ್ಕೆ ಗಡಿ ಎಲ್ಲಿಂದ ತರುತ್ತೀರಿ ಎಂದು ಎದುರು ವಕೀಲರು ಮರ್ಯಾದೆಯಿಂದಲೇ ಕೇಳಿದರು. ನಡೆದು ತೋರಿಸ್ತೀನಿ ಎಂದಳು ಅಜ್ಜಿ. ಸಭಾಂಗಣದ ಉದ್ದ ಸಾಲದೆ ಎಲ್ಲರೂ ಒಳಗಡಲ ದಂಡೆಯ ಮರಳು ರಸ್ತೆಗೆ ಬಂದರು. ಗೇಟಿನ ಕಂಬವೇ ಬೊಕ್ಲೋರಿನಲ್ಲಿ ದೋಣಿ ನಿಲ್ಲುತ್ತಿದ್ದ ಬಂಡೆ ಎಂದುಕೊಳ್ಳಿ ಎಂದು ಹೇಳಿ, ಅಲ್ಲಿಂದ ಹೊರಟಳು. ದೀವಿಹಲಸು, ಬಾವಿ, ದೋಣಿಮನೆ ಎಂದು ಒಂದೊಂದನ್ನೇ ಹೆಸರಿಸುತ್ತ ನಡೆದು, ಇದೇ ನಮ್ಮ ಗಡಿ ಎಂದು ಒಂದೆಡೆ ನಿಂತಳು. ವಕೀಲರು ಅಲ್ಲೊಂದು ಹವಳದ ಚೂರಿಟ್ಟು ಎಲೆ ಮುಚ್ಚಿದರು.

ಇಪ್ಪತ್ತೆರಡರ ವಯಸ್ಸಿನ ಹೆಜ್ಜೆಯೂ ಈಗಿನ ಹೆಜ್ಜೆಯೂ ಒಂದೇ ಏನು ಎಂದು ಕೇಳಿದರು.

"ಇದು ನನ್ನ ಹೆಜ್ಜೆ ಅಲ್ಲ. ಅಮ್ಮ ಮುದುಕಿ ಆದ್ಮೇಲೆ ಕಲಿಸಿದ್ದು. ನಂಗೂ ವಯಸ್ಸಾಗಿ ಈಗಷ್ಟೇ ಸರಿಯಾಗಿ ಬರ್ತಿದೆ."

ಆಮೇಲೆ ಬೊಕ್ಲೋರಿನಲ್ಲಿ ಪಕ್ಕದ ಜಮೀನಿನವಳಾಗಿದ್ದ ಲಿಬೇತಳನ್ನು ಹೊರಗೆ ಕರೆಸಿದರು. ಇಷ್ಟು ಹೊತ್ತೂ ಆಕೆಯನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ಅದೇ ಕಂಬದಿಂದ ನಿಮ್ಮ ಗಡಿಯವರೆಗೆ ನಡೆಯಿರಿ ಎಂದರು. ಆಕೆ ಮಂಡಿ ನೋವಿಗೆ ಕುಂಟುತ್ತ, ಅದೇ ದೀವಿಹಲಸು, ಅದೇ ಬಾವಿ, ಅದೇ ದೋಣಿಮನೆ ಹೆಸರಿಸುತ್ತ ದಾಟಿ ನಿಂತಳು. ಎಲೆಗೆ ಎರಡು ಹೆಜ್ಜೆ ಮೊದಲೇ.

ಹೊಂದಲಿಲ್ಲ ಎಂದರು ವಕೀಲರು. ಬಿಲಿಮನ್ ಅದನ್ನು ಇನ್ನೂ ಭಾಷಾಂತರಿಸಿರಲಿಲ್ಲ. ಅಷ್ಟರಲ್ಲಿ ಲಿಬೇತ ಎಲೆಯನ್ನು ಕೋಲಿನಿಂದ ಸರಿಸಿ ಹವಳ ನೋಡಿದಳು.

"ಇನ್ನೂ ಬಿಟ್ಟಿಲ್ವೇನೇ ನನ್ನ ಕೇದಗೆ ಮರಾನ?"

"ನಿಂದಾ? ನೆಟ್ಟೋಳು ನಮ್ಮಮ್ಮ, ಹಣ್ಣು ಮುಕ್ಕಿದ್ದು ನಿಮ್ಮಪ್ಪ."

ಕೇದಗೆ ಗಡಿಯ ಈಚೆಗೋ ಆಚೆಗೋ ಎಂದು ಆ ಎರಡು ಮನೆಗಳು ಯುದ್ಧಕ್ಕೂ ಮೊದಲು ಜಪಾನಿನವರು ಆಳುತ್ತಿದ್ದ ಕಾಲದಿಂದ ಜಗಳವಾಡಿದ್ದವು. ಬಾಂಬು ಮರವನ್ನು ಆವಿ ಮಾಡಿತ್ತು, ಜಗಳಕ್ಕೆ ಬಿಸಿಯೂ ತಾಗಿರಲಿಲ್ಲ. ನ್ಯಾಯಾಧೀಶರು ಕೈಯೆತ್ತಿ, ಬುಡದ ಬೇರೆಲ್ಲ ಸೇರಿ ಮರ ಎಷ್ಟು ಅಗಲವಿತ್ತು ಎಂದು ಕೇಳಿದರು. ಬೈದಾಟ ನಿಲ್ಲಿಸದೆಯೇ ಇಬ್ಬರೂ ತೋಳು ಚಾಚಿದರು. ಒಂದೇ ಅಗಲ. ಸರಿಯಾಗಿ ಎರಡು ಹೆಜ್ಜೆ. ಅಜ್ಜಿ ನಿಂತಿದ್ದು ಮರದ ಆಚೆ ಬದಿಗೆ, ಲಿಬೇತ ಈಚೆ ಬದಿಗೆ.

ಬಿಲಿಮನ್‌ನ ಕಣ್ಣೆದುರು ಬರೀ ಮರಳಿನ ಮೇಲೆ ಮರವೊಂದು ನಿಂತಿತ್ತು, ಅದರ ಹಿಂದೆ ಇಡೀ ಬೊಕ್ಲೋರ್.

ನ್ಯಾಯಾಧೀಶರು ನಿಂತಲ್ಲೇ ಬರೆಸಿದರು: ಗಡಿ, ಕೇದಗೆ ಮರ. ಮರ ಯಾರದೆಂಬುದು ತೀರ್ಮಾನವಾಗಿಲ್ಲ. ಮರದ ಈಚೆ, ದೋಣಿಬಂಡೆಯ ಕಡೆಯ ಭೂಮಿ ಲಿಮೇಜಳದು, ಅವಳ ನಂತರ ಮಗಳು ನೇಜೋನಳದು.

ಬಿಲಿಮನ್ ಅದನ್ನು ಅಜ್ಜಿಗೆ ಎರಡು ಸಲ ಓದಿ ಹೇಳಿದ. ಮೂರನೆಯ ಸಲ ಅವಳು ಕೇಳಿದ್ದು ಅಮ್ಮನ ಹೆಸರೊಂದನ್ನೇ.

ಎಲ್ಲರೂ ಒಳಕ್ಕೆ ಹೊರಟರು. ವಕೀಲರು ಕಡತ ಓದುತ್ತ ಮುಂದೆ ಮುಂದೆ ನಡೆದವರು, ಆ ಜಾಗ ಬಂದಾಗ ತಲೆಯೆತ್ತದೆಯೇ ಪಕ್ಕಕ್ಕೆ ಸರಿದು, ಮರವನ್ನು ಸುತ್ತಿಕೊಂಡು ಹೋದರು.