ಒದ್ದೆ ಕಾರ್ಪೆಟ್ಟು, ಅತ್ತೆಯ ನಶ್ಯ

ಕಾರ್ಪೆಟ್ಟಿಗೆ ಶಾಂಪೂ ಹಾಕಿ ತೊಳೆಯಬೇಡಿ ಎಂದು ಈಗ ಯಾರಿಗೆ ಬೇಕಾದರೂ ಬುದ್ಧಿ ಹೇಳುತ್ತೇನೆ. ಸೋಪಿನ ಅಂಟು ಪೂರ್ತಿ ಹೋಗುವುದಿಲ್ಲ, ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಒದ್ದೆ ಉಳಿಯುತ್ತದೆ. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ಮಾತ್ರ ಮಾತು ಬದಲಾಯಿಸುತ್ತೇನೆ.

ನನ್ನ ಗಂಡ ಬ್ಯಾಂಕಿನವರು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಲಾರಿ ಬರಲು ಎರಡೇ ದಿನ ಉಳಿದಿತ್ತು. ಒಂದೂರಿನ ಧೂಳನ್ನು ಇನ್ನೊಂದೂರಿಗೆ ಒಯ್ಯಬಾರದು ಎಂಬುದು ಪ್ರತಿ ವರ್ಗದಲ್ಲೂ ನನ್ನ ಹಠ. ಅಲ್ಲಿನ ಒನ್ ಟೌನ್ ಪೇಟೆಯಲ್ಲಿ ಚೌಕಾಸಿ ಮಾಡಿ ತಂದಿದ್ದ ದಪ್ಪ ಕಾರ್ಪೆಟ್ಟನ್ನು ತಾರಸಿಗೆ ಎಳೆದೆ. ಬೆಂಜ್ ಸರ್ಕಲ್ ಹತ್ತಿರದ ಅಂಗಡಿಯವರು ಶಾಂಪೂ ಕೊಡುವಾಗ, ನೊರೆಯನ್ನಷ್ಟೇ ಸವರಿ, ನೀರು ಸುರಿಯಬೇಡಿ ಎಂದು ತೆಲುಗಿನಲ್ಲಿ ಎರಡು ಸಲ ಹೇಳಿದ್ದರು. ನೀರಿಲ್ಲದ ತೊಳೆಯುವಿಕೆ ಎಂಥದ್ದು ಎಂದು ನಾನು ಬಕೆಟ್‌ಗಟ್ಟಲೆ ಸುರಿದೆ. ನಮ್ಮ ಧಾರವಾಡದ ಬೇಸಿಗೆಯಲ್ಲಿ ಕಂಬಳಿ ಒಗೆದರೂ ಸಂಜೆಯೊಳಗೆ ಗರಿಗರಿಯಾಗುತ್ತಿತ್ತು. ವಿಜಯವಾಡದ ಬಿಸಿಲಿಗೇನು ಕಡಿಮೆ? ಮರುದಿನ ಮೇಲೆ ಕೈಯಾಡಿಸಿ ನೋಡಿದೆ, ಒಣಗಿತ್ತು. ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಲಾರಿಗೆ ಹಾಕಿಸಿದೆ.

ವಿಶಾಖಪಟ್ಟಣದ ಋಷಿಕೊಂಡದ ಬಾಡಿಗೆ ಮನೆಯಲ್ಲಿ ಕಾರ್ಪೆಟ್ಟು ಬಿಚ್ಚಿದಾಗ ಮುಗ್ಗಲು ವಾಸನೆ ಬಂತು. ಸಮುದ್ರದ ಗಾಳಿಯದ್ದಿರಬೇಕು ಎಂದು ಊದುಬತ್ತಿ ಹಚ್ಚಿ, ಅದನ್ನು ನಡುಮನೆಯಲ್ಲಿ ಹಾಸಿಬಿಟ್ಟೆ.

ಮುಂದಿನ ತಿಂಗಳು ಧಾರವಾಡದ ಹಿರಿಯ ಮಗನ ಮನೆಯಿಂದ ಅತ್ತೆ ಬಂದರು. "ಸೋಫಾದಾಗ ಕುಂತ್ರ ಕಾಲು ಜೋತಾಡ್ತಾವು" ಎಂದು ಕಾರ್ಪೆಟ್ಟಿನ ಮೇಲೇ ಕೂತು ಸೊಪ್ಪು ಸೋಸುವರು, ಮಧ್ಯಾಹ್ನ ಅಲ್ಲೇ ಅಡ್ಡಾಗುವರು. ಹತ್ತು ದಿನಕ್ಕೆ ಕೆಮ್ಮು ಶುರುವಾಯಿತು, ಬೆನ್ನಿಗೇ ಉಬ್ಬಸ.

"ಏನೋ ವಾಸನಿ ಬರ್ತದವಾ" ಎಂದರು ಒಮ್ಮೆ.

"ನಿಮ್ಮ ನಶ್ಯದ್ದ ಇರಬೇಕ್ರೀ, ಅತ್ತಿ" ಎಂದೆ.

ಮದುವೆಯಾಗಿ ಬಂದ ದಿನದಿಂದ ಅವರ ನಶ್ಯ ಕಂಡರೆ ನನಗೆ ಆಗುತ್ತಿರಲಿಲ್ಲ. ಮಾವ ಹೋದ ಮೇಲೆ ಅವರು ತಮಗೆಂದು ಉಳಿಸಿಕೊಂಡಿದ್ದ ಸುಖ ಅದೊಂದೇ. ಅದು ಗೊತ್ತಿದ್ದೂ ಮೂಗು ಮುರಿಯುತ್ತಿದ್ದೆ.

ಡಾಕ್ಟರ ಬಳಿ ಕರೆದೊಯ್ದೆ. ಮನೆಯಲ್ಲಿ ಎಲ್ಲಾದರೂ ತೇವ, ಬೂಷ್ಟು ಇದೆಯೇ ಎಂದು ಅವರು ತೆಲುಗಿನಲ್ಲಿ ಕೇಳಿದರು. ಅತ್ತೆಗೆ ತೆಲುಗು ಬಾರದು. ಇಬ್ಬರ ನಡುವೆ ಮಾತು ದಾಟಿಸುವವಳು ನಾನೊಬ್ಬಳೇ. ಆ ಮುಗ್ಗಲು ವಾಸನೆ ನೆನಪಾಯಿತು. ಆದರೂ ಇಲ್ಲವೆಂದೆ. ನಶ್ಯ ಏರಿಸುತ್ತಾರೆ ಎಂದು ಸೇರಿಸಿದೆ. ಅದೂ ಒಳ್ಳೆಯದಲ್ಲ, ಬಿಡಲಿ ಎಂದರು ಡಾಕ್ಟರು.

"ಏನಂದ್ರವಾ?" ಅತ್ತೆ ನನ್ನ ಮುಖ ನೋಡಿದರು.

"ನಶ್ಯಾ ಬಿಡಬೇಕಂತ್ರೀ. ಅದರಿಂದನ ಇದೆಲ್ಲಾ ಆಗೇದಂತ."

ಆ ಎರಡನೆಯ ಮಾತು ಡಾಕ್ಟರದ್ದಲ್ಲ, ನನ್ನದು.

ಸಂಜೆ ಅತ್ತೆ ನಶ್ಯದ ಡಬ್ಬಿಯನ್ನು ತಾವಾಗಿಯೇ ತಂದು ನನ್ನ ಕೈಗಿಟ್ಟರು. ಮರುದಿನ ಅವರು ಮಗನ ಜೊತೆ ಗುಡಿಗೆ ಹೋದಾಗ ಕಾರ್ಪೆಟ್ಟಿನ ಮೂಲೆ ಎತ್ತಿದೆ. ಅಡಿಯ ಗೋಣಿ ಕೊಳೆತು ಕೈಗೇ ಕಿತ್ತು ಬಂತು, ಉದ್ದಕ್ಕೂ ಕಪ್ಪು ಬೂಷ್ಟು. ಅವರು ಮುಖವಿಟ್ಟು ಮಲಗುತ್ತಿದ್ದ ಜಾಗ ಅದು. ವಾಚ್‌ಮನ್ನನ್ನು ಕರೆದು ಕಾರ್ಪೆಟ್ಟನ್ನು ಹೊರಗೆ ಸಾಗಿಸಿದೆ. ಬಣ್ಣ ಪರದೆಗೆ ಹೊಂದುತ್ತಿರಲಿಲ್ಲ ಎಂದು ಮನೆಯವರಿಗೆ ಹೇಳಿ ಬರೀ ಚಾಪೆ ಹಾಸಿದೆ.

ಹದಿನೈದು ದಿನದಲ್ಲಿ ಕೆಮ್ಮು ನಿಂತಿತು. ಅಂದಿನಿಂದ ಅತ್ತೆ ನೆಂಟರಿಷ್ಟರಿಗೆಲ್ಲ ಹೇಳುತ್ತಾರೆ, "ನಮ್ಮ ಸೊಸಿ ನಶ್ಯಾ ಬಿಡಿಸಿ ನನ್ನ ಜೀವಾ ಉಳಿಸಿದಳು." ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಬೇರೇನೋ ಹೇಳಿ ಮುಗಿಸಿದ್ದೇನೆ. ನನಗೆ ನಾಚಿಕೆಯಾಗುತ್ತದೆ; ಅದಕ್ಕಿಂತ ಹೆಚ್ಚಾಗಿ, ಹೊಗಳಿಕೆ ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ಊರಿಗೆ ಮರಳಿದ ಅತ್ತೆ ಮೊನ್ನೆ ಧಾರವಾಡದಿಂದ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳಿದರು:

"ಹಬ್ಬದ ದಿನ ಒಂದ ಚಿಟಿಕಿ ಏರಿಸ್ಲೇನವಾ? ಭಾಳ ನೆನಪಾಗ್ತದ."

ಎಪ್ಪತ್ತು ದಾಟಿದ ಹೆಂಗಸು ನನ್ನ ಅಪ್ಪಣೆ ಕೇಳುತ್ತಿದ್ದರು.

"ಬ್ಯಾಡ್ರೀ ಅತ್ತಿ, ಮತ್ತ ಕೆಮ್ಮು ಬರ್ತದ" ಎಂದೆ.

"ಹೂಂ, ಅದೂ ಖರೇನ" ಎಂದು ಅವರು ಫೋನಿಟ್ಟರು.