ಅಪ್ಪನ ಕಡೆಯ ಬಾಗಿಲು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಕೊಂಡು ಬಂದ ಅಪ್ಪ ನಮ್ಮ ಹಳೆಯ ಕಾರಿನ ಬಲಗಡೆಯ ಬಾಗಿಲಿಗೆ ಕೀ ಹಾಕಿ ತಿರುಗಿಸಿದರು. ಕೀ ಮುರಿದು ಅರ್ಧ ಭಾಗ ಲಾಕಿನೊಳಗೇ ಉಳಿಯಿತು. ಜೆ.ಪಿ. ನಗರದ ಮನೆಯಿಂದ ನಾನು ಇನ್ನೊಂದು ಕೀ ಒಯ್ದು, ಎಡಗಡೆಯ ಬಾಗಿಲು ತೆಗೆದು ಕಾರನ್ನು ಮನೆಗೆ ತಂದೆ.

ಲಾಕ್ ರಿಪೇರಿಯವರು ಬಂದು ನೋಡಿದರು. “ಲಾಕ್ ಪೂರ್ತಿ ಸವೆದುಹೋಗಿದೆ ಸಾರ್, ಹೊಸದೇ ಹಾಕ್ಬೇಕು. ಹಳೇ ಗಾಡಿ, ಹುಡುಕಿ ತರಿಸೋಕೆ ಸ್ವಲ್ಪ ಟೈಮ್ ಬೇಕು,” ಅಂದರು.

ಅಲ್ಲಿಯವರೆಗೆ ಅಮ್ಮ ಎಡಗಡೆಯಿಂದ ಹತ್ತಿ, ಡ್ರೈವರ್ ಸೀಟಿನ ಮೇಲೆ ಬಾಗಿ, ಒಳಗಿನಿಂದ ಅಪ್ಪನಿಗೆ ಬಾಗಿಲು ತೆಗೆಯುತ್ತಿದ್ದರು. ಪ್ರತಿ ಸಲವೂ ಸೊಂಟ ಹಿಡಿದುಕೊಂಡು ಗೊಣಗುತ್ತಿದ್ದರು. ಅಪ್ಪ ಮಾತ್ರ ಗಂಭೀರವಾಗಿ, “ಥ್ಯಾಂಕ್ಸ್ ಮೇಡಂ,” ಎಂದು ಹತ್ತುತ್ತಿದ್ದರು. ಮನೆಯಲ್ಲಿ ಕಾಫಿ ಕೊಟ್ಟರೆ ತಲೆಯನ್ನೂ ಎತ್ತದ ಮನುಷ್ಯ ಅವರು. ಅಮ್ಮ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗುವುದನ್ನು ನಾನು ಹಿಂದಿನ ಸೀಟಿನಿಂದ ನೋಡುತ್ತಿದ್ದೆ.

ಕೊನೆಗೆ ಹೊಸ ಲಾಕ್ ಬಂತು. ಆದರೆ ಅದಕ್ಕೆ ಬೇರೆಯದೇ ಕೀ. ಗಾಡಿ ಸ್ಟಾರ್ಟ್ ಮಾಡಲು, ಎಡಗಡೆಯ ಬಾಗಿಲಿಗೆ ಹಳೆಯದು; ಬಲಗಡೆಯ ಬಾಗಿಲಿಗೆ ಹೊಸದು. ಅಪ್ಪ ಎರಡನ್ನೂ ಅಂಗೈಯಲ್ಲಿಟ್ಟು ನೋಡಿ, ಹೊಸದನ್ನು ಅಮ್ಮನಿಗೆ ಕೊಟ್ಟರು.

“ಇದು ನಿನ್ನ ಹತ್ರ ಇರ್ಲಿ.”

“ನಾನು ಬರದೇ ಇದ್ರೆ ಹೆಂಗೆ ಹತ್ತೀರಿ?”

“ಎಡಗಡೆಯಿಂದ ಹೆಂಗೋ ತೂರ್ಕೋತೀನಿ. ನೀನು ಬಂದ್ರೆ ಒಳ್ಳೇದು.”

ಅಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು.